ಮಾವ ಬೈಪಾಸ್ ಹತ್ತಿದರೆ

ಮೊಬೈಲನ್ನು ಊಟದ ಮೇಜಿನ ಮೇಲೆ ಅಂಗಾತ ಮಲಗಿಸಿ ಅದರ ಕಾವಲಿಗೆ ಕೂತಿದ್ದೇನೆ. ಪಕ್ಕದಲ್ಲಿ ಕಾಫಿ ಆರಿ ಕೆನೆ ಕಟ್ಟಿದೆ. ಈಗಷ್ಟೇ ಒಂದು ಸಲ ಅದು ‘ಟಿಣ್’ ಎಂದಿತು. ತಟಕ್ಕನೆ ಎತ್ತಿಕೊಂಡು ನೋಡಿದರೆ ಯಾವುದೋ ಸೀರೆ ಅಂಗಡಿಯ ರಿಯಾಯಿತಿ. ಆ ಅಂಗಡಿಯವನಿಗೆ ನಾನು ಬೈದದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ.

ವಿಷಯ ಇಷ್ಟೇ. ನನ್ನ ಕಾರನ್ನು ಇವತ್ತು ಮಾವ ತೆಗೆದುಕೊಂಡು ಹೋಗಿದ್ದಾನೆ. ಕಾರಿನ ಗಾಜಿಗೆ ಅಂಟಿಸಿರುವ ಟೋಲಿನ ಟ್ಯಾಗು ನನ್ನ ನಂಬರಿನದು. ಕಾರು ಎಲ್ಲಾದರೂ ಟೋಲ್ ಗೇಟು ದಾಟಿದರೆ ಅಲ್ಲಿ ದುಡ್ಡು ಕಟ್ಟಾಗುತ್ತದೆ, ಇಲ್ಲಿ ಶನಿವಾರಸಂತೆಯಲ್ಲಿ ನನಗೆ ಮೆಸೇಜು ಬರುತ್ತದೆ. ಆ ಮೆಸೇಜು ಬರದಿರಲಿ ದೇವರೇ ಎಂದು ಬೆಳಗಿನಿಂದ ಬೇಡಿಕೊಳ್ಳುತ್ತಿದ್ದೇನೆ. ಇವಳೆಂಥ ಜಿಪುಣಿ ಎಂದುಕೊಳ್ಳಬೇಡಿ. ಆ ಕಾರಿನಲ್ಲಿ ಮಾವನ ಹಿಂದೆ ನನ್ನ ತಂಗಿ ಶೋಭಾ ಇದ್ದಾಳೆ, ಅಮ್ಮ ಇದ್ದಾಳೆ, ಶೋಭಾಳ ತೊಡೆಯ ಮೇಲೆ ಅವಳ ಕೂಸಿದೆ. ಬಾಣಂತನ ಮುಗಿಸಿ ಮಗಳನ್ನೂ ಮೊಮ್ಮಗುವನ್ನೂ ಗಂಡನ ಮನೆಗೆ ಬಿಟ್ಟುಬರಲು ಹೋಗಿದ್ದಾರೆ. ನಾನೂ ಹೊರಟಿದ್ದೆ. ಆದರೆ ನನ್ನ ಸೀಟಿನಲ್ಲಿ ತೊಟ್ಟಿಲು ಕೂತುಬಿಟ್ಟಿತು.

ಕೂಸು ದಿನ ತುಂಬುವ ಮೊದಲೇ ಹುಟ್ಟಿದ್ದು. ಸ್ವಲ್ಪ ಗಾಳಿ ಬೀಸಿದರೆ ಕೆಮ್ಮುತ್ತದೆ, ಕೆಮ್ಮಿದರೆ ನೀಲಿಯಾಗುತ್ತದೆ. ಮೊನ್ನೆ ಕೂಡ ಎದೆ ಗೊರಗೊರ ಎನ್ನುತ್ತಿತ್ತು. ಡಾಕ್ಟರು ಕಿವಿಗೆ ಕೊಳವೆ ಸಿಕ್ಕಿಸಿಕೊಂಡು ನೋಡಿ, “ಏನಿಲ್ಲ, ಕರ್ಕೊಂಡು ಹೋಗಿ” ಎಂದರು. ಅವರಿಗೇನು, ಹೇಳಿಬಿಟ್ಟರು. ನನಗೆ ಹೆದರಿಕೆ. ಮುಚ್ಚಿಡುವುದೇನು ಬಂತು, ಬಹಳ ಹೆದರಿಕೆ.

ಆ ಹೆದರಿಕೆಗೂ ಟೋಲಿಗೂ ಏನು ಸಂಬಂಧ ಎಂದು ಕೇಳುತ್ತೀರಿ. ಶೋಭಾಳ ಗಂಡನ ಮನೆ ಹಾಸನ ದಾಟಿ ಬೆಂಗಳೂರಿನ ರಸ್ತೆಯಲ್ಲಿದೆ. ಅದಕ್ಕೂ ಮೊದಲು ಒಂದು ಊರು ಸಿಗುತ್ತದೆ. ಹೆಸರು ಬೇಡ, ಆ ಊರಿನವರು ನನ್ನ ಮೇಲೆ ಸಿಟ್ಟಾಗುತ್ತಾರೆ. ಅಲ್ಲಿ ರಸ್ತೆ ಕವಲಾಗುತ್ತದೆ. ಎಡಕ್ಕೆ ಹೋದರೆ ಹಳೇ ರಸ್ತೆ, ಊರಿನ ಹೊಟ್ಟೆಯೊಳಗೆ ನುಗ್ಗುತ್ತದೆ: ಬಸ್‌ಸ್ಟ್ಯಾಂಡು, ತರಕಾರಿ ಗಾಡಿಗಳು, ದಾರಿಯಲ್ಲೇ ಮಲಗಿರುವ ದನ, ಹೆಜ್ಜೆಗೊಂದು ಹಂಪು. ನೇರ ಹೋದರೆ ಬೈಪಾಸು. ಟೋಲು ಕೊಟ್ಟರೆ ಊರನ್ನು ಮುಟ್ಟದೆ ಆಚೆ ಹೋಗಿ ಬೀಳುತ್ತೀರಿ. ಮಾವ ಯಾವತ್ತೂ ಹಳೇ ರಸ್ತೆಯವನು. ಏನು ಹೇಳಿದರೂ ಬೈಪಾಸ್ ಹತ್ತುವುದಿಲ್ಲ. ಹತ್ತಿದ ಎಂದರೆ ಏನೋ ಅನಾಹುತವಾಗಿದೆ ಎಂದೇ ಅರ್ಥ.

ಮಾವ ನನ್ನ ಅಮ್ಮನ ತಮ್ಮ, ನಮಗೆ ಸೋದರಮಾವ. ಅಪ್ಪ ತೀರಿಕೊಂಡ ಮೇಲೆ ನಮ್ಮ ಮನೆಗೇ ಬಂದು ನಿಂತ, ಮದುವೆ ಮಾಡಿಕೊಳ್ಳಲಿಲ್ಲ. ಇಲ್ಲೇ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದ. ರೈಟರ್ ಎಂದರೆ ಕಥೆ ಬರೆಯುವವನಲ್ಲ. ಯಾರು ಕೆಲಸಕ್ಕೆ ಬಂದರು, ಯಾರು ಎಷ್ಟು ಹಣ್ಣು ಕುಯ್ದರು ಎಂದು ಬರೆಯುವವನು. ಎಲ್ಲದಕ್ಕೂ ಲೆಕ್ಕ ಕೇಳುವ ಅಭ್ಯಾಸ ಅಲ್ಲಿಂದಲೇ ಬಂದದ್ದಿರಬೇಕು. ನಾನೋ, ಬೈಪಾಸ್ ಎಂದರೆ ಪ್ರಾಣ ಬಿಡುವವಳು. ಸ್ಕೂಲಿನಲ್ಲಿ ಬೆಲ್ ಹೊಡೆದರೆ ಕ್ಲಾಸು, ಬೆಲ್ ಹೊಡೆದರೆ ಊಟ ಎಂದು ಬದುಕಿದ ಟೀಚರು. ದಾರಿಯಲ್ಲಿ ದನ ಅಡ್ಡ ಮಲಗಿದ್ದರೆ ಅದಕ್ಕೂ ಪಾಠ ಹೇಳುವಷ್ಟು ಅವಸರ ನನ್ನದು.

“ಟೋಲ್ ಕೊಟ್ರೆ ಟೈಮ್ ಉಳೀತದೆ ಮಾವ,” ಎನ್ನುತ್ತಿದ್ದೆ.

“ಉಳಿಸಿದ್ಯಲ್ಲ, ಆ ಟೈಮಲ್ಲಿ ಏನ್ ಮಾಡ್ದೆ?” ಎಂದು ಕೇಳುತ್ತಿದ್ದ.

ನಾನು ಬೈಪಾಸಿನ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗಿಬಂದ ಪ್ರತಿಸಲವೂ ಇದೇ ಪ್ರಶ್ನೆ. ಏನು ಮಾಡಿದ್ದೆ? ಮನೆಗೆ ಬಂದು ಸೋಫಾದ ಮೇಲೆ ಬಿದ್ದುಕೊಂಡು ಮೊಬೈಲ್ ನೋಡಿದ್ದೆ. ಅದನ್ನು ಹೇಳಲು ನಾಚಿಕೆಯಾಗಿ, “ನಿಂಗೆ ಅರ್ಥ ಆಗಲ್ಲ ಬಿಡು” ಎಂದು ರೇಗುತ್ತಿದ್ದೆ.

ಆ ಊರಿನ ಒಳಗೆ, ಹಳೇ ರಸ್ತೆಯ ತಿರುವಿನಲ್ಲಿ, ಒಂದು ಅಮ್ಮನ ಗುಡಿಯಿದೆ. ಗುಡಿ ಎನ್ನುವುದಕ್ಕಿಂತ ಗೂಡು ಎನ್ನಬಹುದು. ಲಾರಿಯವರು, ಬಸ್ಸಿನವರು ಎಲ್ಲರೂ ಅಲ್ಲಿ ಗಾಡಿ ನಿಧಾನ ಮಾಡಿ ಕಿಟಕಿಯಿಂದಲೇ ಕಾಸು ಎಸೆಯುತ್ತಾರೆ. ಮಾವ ಮಾತ್ರ ಎಸೆಯುವುದಿಲ್ಲ. ಹಿಂದೆ ಎಷ್ಟು ಹಾರ್ನ್ ಹೊಡೆದುಕೊಂಡರೂ ಕಾರು ನಿಲ್ಲಿಸಿ, ಇಳಿದು, ಚಪ್ಪಲಿ ಬಿಟ್ಟು, ಕಾಸು ಹಾಕಿ ಬರುತ್ತಾನೆ. ಒಂದು ಸಲ ನಾನು ಬಿಡಲಿಲ್ಲ.

“ಇದೂ ಟೋಲೇ ಅಲ್ವಾ ಮಾವ?”

“ಇವಳು ಕೈ ಚಾಚಿ ಕೇಳಲ್ಲ ಕಣೇ. ಕೊಡ್ಲಿಲ್ಲ ಅಂತ ಗೇಟೂ ಹಾಕಲ್ಲ.”

ಹೀಗೆ ನಾವಿಬ್ಬರೂ ಕಿತ್ತಾಡಿಕೊಂಡೇ ಆರಾಮಾಗಿದ್ದೆವು. ಮಾವ ಬೈಪಾಸಿಗೆ ಆಣೆ ಹಾಕಿದ್ದು ಮಾತ್ರ ಶೋಭಾಳ ಮದುವೆಯ ದಿನ. ಅದಕ್ಕೆ ಕಾರಣ ನಾನೇ.

ಮದುವೆ ಗಂಡಿನ ಕಡೆಯ ಛತ್ರದಲ್ಲಿ, ಆ ಊರಿನ ಹೊರಗೆ, ಭಾನುವಾರ. ಅಮ್ಮ, ಶೋಭಾ, ನೆಂಟರಿಷ್ಟರು ಹಿಂದಿನ ದಿನವೇ ಬಸ್ಸು ಮಾಡಿಕೊಂಡು ಹೋಗಿದ್ದರು. ಶನಿವಾರ ಸಂತೆ, ಆದ್ದರಿಂದ ಎಸ್ಟೇಟಿನಲ್ಲಿ ಶನಿವಾರವೇ ಬಟವಾಡೆ. ರೈಟರ್ ಇಲ್ಲದೆ ಬಟವಾಡೆ ಇಲ್ಲ, ಬಟವಾಡೆ ಇಲ್ಲದೆ ಲೈನ್‌ಮನೆಗಳ ಕೂಲಿಯವರಿಗೆ ಸಂತೆ ಇಲ್ಲ. ಹಾಗಾಗಿ ಮಾವ ಉಳಿದ. ಅವನನ್ನು ಹೊತ್ತಿಗೆ ಸರಿಯಾಗಿ ಹೊರಡಿಸಿ ತರುವ ಜವಾಬ್ದಾರಿ ನನ್ನದೆಂದು ನಾನೂ ಉಳಿದೆ. ಬೆಳಿಗ್ಗೆ ಹೊರಟರೆ ಎಸ್ಟೇಟಿನ ತಿರುವಿನಲ್ಲಿ ಆನೆ. ಒಂಟಿ ಸಲಗ. ರಸ್ತೆಯ ನಡುವೆ ನಿಂತು ಹಲಸಿನ ಹಣ್ಣು ತಿನ್ನುತ್ತಿತ್ತು. ಇಂಜಿನ್ ಆಫ್ ಮಾಡಿ, ಉಸಿರೂ ಜೋರಾಗಿ ಬಿಡದೆ ಕೂತೆವು. ಅದಕ್ಕೇನು ಮುಹೂರ್ತವೇ, ಲಗ್ನವೇ? ತಿಂದು, ಕಿವಿ ಬೀಸಿ, ಮತ್ತೊಂದು ಹಣ್ಣು ಹುಡುಕಿ ತಿಂದಿತು.

ಹಾಸನ ದಾಟುವ ಹೊತ್ತಿಗೆ ಅಮ್ಮನ ಫೋನು ಮೇಲಿಂದ ಮೇಲೆ. “ಎಲ್ಲಿದ್ದೀರೇ? ಹುಡುಗೀನ ಮಂಟಪಕ್ಕೆ ಕರೀತಾವ್ರೆ.”

ನಮ್ಮ ಕಡೆ ಸೋದರಮಾವ ಕರೆತರದೆ ಹೆಣ್ಣು ಮಂಟಪ ಹತ್ತುವುದಿಲ್ಲ. ಎತ್ತಿಕೊಂಡು ಬರಬೇಕು, ಆಗದಿದ್ದರೆ ಕೈಹಿಡಿದಾದರೂ ತರಬೇಕು. ಸ್ವಂತ ಮಾವ ಇಲ್ಲದಿದ್ದರೆ ವರಸೆಯಲ್ಲಿ ಮಾವನಾಗುವ ಇನ್ನೊಬ್ಬನನ್ನು ನಿಲ್ಲಿಸುತ್ತಾರೆ. ಇಲ್ಲಿ ಸ್ವಂತ ಮಾವ ಇದ್ದಾನೆ, ಆದರೆ ಆನೆಯ ಹಿಂದೆ ಸಿಕ್ಕಿಹಾಕಿಕೊಂಡಿದ್ದ ಎಂದರೆ ಬಯಲುಸೀಮೆಯ ಬೀಗರು ನಂಬುತ್ತಾರೆಯೇ? ಫೋನಿನಲ್ಲಿ ಯಾರೋ ಹಿರಿಯರು ಗದರುವುದು ಮಾವನಿಗೂ ಕೇಳಿಸಿತು. “ಆನೆಯಂತೆ, ಕುದುರೆಯಂತೆ! ಮುಹೂರ್ತ ಮೀರ್ತದೆ. ಯಾರಾದ್ರೂ ಮಾವನ ವರಸೆಯೋರು ಕರ್ಕೊಂಡು ಬನ್ರಪ್ಪ.”

ಮಾವ ಆಕ್ಸಿಲರೇಟರ್ ಒತ್ತಿದ. ಅವನ ಕಿವಿ ಕೆಂಪಾಗಿತ್ತು. ಶೋಭಾ ಜ್ವರದಲ್ಲಿ ಮಲಗಿದಾಗ ಎತ್ತಿಕೊಂಡು ಓಡಾಡಿದವನು, ಸ್ಕೂಲಿಗೆ ಸೈಕಲ್ಲಿನ ಮೇಲೆ ಕೂರಿಸಿಕೊಂಡು ಹೋದವನು. ಅವಳನ್ನು ಮಂಟಪಕ್ಕೆ ಇನ್ನೊಬ್ಬ ಕರೆತಂದರೆ ಈ ಮನುಷ್ಯ ಮತ್ತೆ ತಲೆಯೆತ್ತಿ ಓಡಾಡುವುದಿಲ್ಲ ಎಂದು ನನಗೆ ಗೊತ್ತಿತ್ತು. ಕವಲು ಬಂತು. ಮಾವ ಅಭ್ಯಾಸಬಲದಿಂದ ಎಡಕ್ಕೆ ಇಂಡಿಕೇಟರ್ ಹಾಕಿದ.

“ಮಾವ, ಬೈಪಾಸ್! ಬೈಪಾಸಿಗೆ ಹಾಕು!” ಎಂದು ಚೀರಿದೆ. ಮೊದಲ ಬಾರಿಗೆ ಅವನು ನನ್ನ ಮಾತು ಕೇಳಿದ.

ಗೇಟಿನಲ್ಲಿ ಟ್ಯಾಗು ಓದಲಿಲ್ಲ. ಹಿಂದೆ ಬನ್ನಿ ಎಂದರು, ಬಂದೆವು. ಮುಂದೆ ಹೋಗಿ ಎಂದರು, ಹೋದೆವು. ಗೇಟಿನವನು ಕೈಯಲ್ಲಿ ಒಂದು ಯಂತ್ರ ಹಿಡಿದು ನಿಧಾನವಾಗಿ ಬಂದ. ಮಾವ ಕಿಟಕಿ ಇಳಿಸಿ ಅವನ ವಂಶವನ್ನೆಲ್ಲ ನೆನೆಸಿಕೊಂಡ. ಕೊನೆಗೂ ಗೇಟು ಎದ್ದಿತು. ಆಮೇಲಿನ ರಸ್ತೆ, ಅಬ್ಬಾ, ಕಾರು ಜಾರಿಕೊಂಡು ಹೋಯಿತು. “ನೋಡು, ಹೇಳ್ಲಿಲ್ವಾ?” ಎಂದೆ. ನನ್ನ ಬಾಯಿ ಸುಮ್ಮನಿರಬೇಕಲ್ಲ.

ಅಷ್ಟರಲ್ಲಿ ಎಡಗಡೆ ಛತ್ರ ಕಂಡಿತು. ಹಳದಿ ಕೆಂಪು ಶಾಮಿಯಾನ, ಮೈಕಿನಲ್ಲಿ ಓಲಗ. ಮಧ್ಯೆ ಒಂದು ಹುರುಳಿ ಹೊಲ ಅಷ್ಟೇ. ಆದರೆ ನಮ್ಮ ರಸ್ತೆ ಎತ್ತರದ ದಿಣ್ಣೆಯ ಮೇಲಿದೆ, ಅಂಚಿಗೆ ಕಬ್ಬಿಣದ ಪಟ್ಟಿ, ಕೆಳಗೆ ತಂತಿ ಬೇಲಿ. ಇಳಿಯುವ ದಾರಿ ಎಲ್ಲಿ? ಎಷ್ಟು ದೂರ ನೋಡಿದರೂ ಇಲ್ಲ. ಊರನ್ನು ಮುಟ್ಟದೆ ಹೋಗುವ ರಸ್ತೆ ಅದು. ನಾವು ಹೋಗಬೇಕಾದದ್ದೇ ಆ ಊರಿಗೆ. ಇಷ್ಟು ಸಣ್ಣ ವಿಷಯ ನನ್ನ ತಲೆಗೆ ಹೊಳೆದಿರಲಿಲ್ಲ.

“ಇಳಿಯೋದೆಲ್ಲೇ?” ಎಂದ ಮಾವ.

“ಮುಂದೆ... ಮುಂದೆ ಎಲ್ಲೋ ಇರ್ತದೆ.”

ಮಾವ ಕಾರನ್ನು ಅಂಚಿಗೆ ತಂದು ನಿಲ್ಲಿಸಿದ. ಇಳಿದ. ಹೊಸ ಪಂಚೆಯನ್ನು ಮಂಡಿಯ ಮೇಲೆ ಕಟ್ಟಿದ, ಶಲ್ಯವನ್ನು ಸೊಂಟಕ್ಕೆ ಸುತ್ತಿದ. “ನೀನು ಗಾಡಿ ತಗೊಂಡು ಬಾ,” ಎಂದವನೇ ಕಬ್ಬಿಣದ ಪಟ್ಟಿ ಹತ್ತಿ ದಾಟಿದ. ದಿಣ್ಣೆಯಿಂದ ಕುಂಡೆಯ ಮೇಲೆ ಜಾರಿದ. ಕುರಿ ಕಾಯುವವರು ಬೇಲಿಯಲ್ಲಿ ಮಾಡಿಕೊಂಡಿದ್ದ ಒಂದು ಕಂಡಿಯಲ್ಲಿ ನುಸುಳಿದ. ಹುರುಳಿ ಹೊಲದಲ್ಲಿ ಅವನ ಬಿಳಿ ಪಂಚೆ ಓಡುವುದನ್ನು ನೋಡುತ್ತ ನಾನು ರಸ್ತೆಯ ಮೇಲೆ ನಿಂತಿದ್ದೆ. ಪಕ್ಕದಲ್ಲಿ ಲಾರಿಗಳು ಭರ್ರೆಂದು ಹೋಗುತ್ತಿದ್ದವು. ನಾನಾಗ ಕಾರು ಕಲಿತು ಹೊಸತು. ಸಂತೆಮಾಳದಲ್ಲಿ ಸುತ್ತು ಹೊಡೆದದ್ದು ಬಿಟ್ಟರೆ ಅಂಥ ರಸ್ತೆಯಲ್ಲಿ ಓಡಿಸಿದವಳಲ್ಲ.

ಮುಂದೆ ಹೋಗಿ, ಇಳಿದು, ಕೆಳಸೇತುವೆಯ ತಿರುವು ತಪ್ಪಿ, ಮತ್ತೆ ತಿರುಗಿ ನಾನು ಛತ್ರ ಸೇರುವ ಹೊತ್ತಿಗೆ ತಾಳಿ ಕಟ್ಟಾಗಿತ್ತು. ಒಡಹುಟ್ಟಿದ ತಂಗಿಯ ಮುಹೂರ್ತ ನಾನು ನೋಡಲಿಲ್ಲ. ಫೋಟೋದಲ್ಲಿ ನೋಡಿದೆ. ಮಾವ ಶೋಭಾಳನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಮಂಟಪದ ಮೆಟ್ಟಿಲು ಹತ್ತುತ್ತಿದ್ದಾನೆ. ಪಂಚೆಯ ತುಂಬ ಕೆಂಪು ಮಣ್ಣು, ಶಲ್ಯಕ್ಕೆ ಉತ್ತರಾಣಿ ಮೆತ್ತಿಕೊಂಡಿದೆ, ಮೊಣಕೈಯಲ್ಲಿ ಗೀರು. ಶೋಭಾ ಅಳುತ್ತಿದ್ದಾಳೆ, ಮಾವ ಹಲ್ಲು ಬಿಟ್ಟಿದ್ದಾನೆ. ಆ ಫೋಟೋ ನಮ್ಮ ಹಾಲಿನಲ್ಲಿದೆ. ಈಗಲೂ ನನ್ನೆದುರೇ ಇದೆ.

ಊಟದ ಪಂಕ್ತಿಯಲ್ಲಿ ಮಾವ ನನ್ನ ಪಕ್ಕ ಬಂದು ಕೂತು, “ನಿನ್ನ ಬೈಪಾಸಿಗೆ ಇನ್ನೊಂದ್ಸಲ ಚಕ್ರ ಇಟ್ರೆ ಕೇಳು” ಎಂದ. ಮಾತಿಗೆ ತಪ್ಪಲಿಲ್ಲ. ಮುಂದಿನ ವರ್ಷಗಳಲ್ಲಿ ಶೋಭಾಳನ್ನು ನೋಡಲು ಎಷ್ಟು ಸಲ ಹೋದರೂ ಹಳೇ ರಸ್ತೆ, ಅಮ್ಮನ ಗುಡಿ, ಕಾಸು. ನನ್ನ ಮೊಬೈಲು ಒಂದು ಸಲವೂ ಟಿಣ್ ಎನ್ನಲಿಲ್ಲ.

ಅದು ಟಿಣ್ ಎಂದದ್ದು ಈ ಕೂಸು ಹುಟ್ಟಿದ ದಿನ. ಶೋಭಾಳಿಗೆ ಬಹಳ ಕಾಲ ಬಸಿರು ನಿಂತಿರಲಿಲ್ಲ, ನಿಂತದ್ದೂ ಎರಡು ಸಲ ಕೈತಪ್ಪಿತ್ತು. ಈ ಸಲ ನಿಂತಿತು. ಸೀಮಂತ ಮುಗಿಸಿದ ಮೇಲೆ ತವರಿಗೆ ಕರೆತರಲು ಮಾವ ಒಬ್ಬನೇ ಹೋದ. ಬೆಳಿಗ್ಗೆ ಮೆಸೇಜು ಬರಲಿಲ್ಲ. “ನಿನ್ ತಮ್ಮ ದನಗಳ ಜೊತೆ ಹೋಗ್ತಾ ಅವ್ನೆ” ಎಂದು ನಾನೂ ಅಮ್ಮನೂ ನಕ್ಕೆವು. ಮಧ್ಯಾಹ್ನ ಅಮ್ಮ ಬಾಗಿಲಲ್ಲಿ ದೃಷ್ಟಿ ತೆಗೆಯಲು ತಟ್ಟೆಯಲ್ಲಿ ಅರಿಶಿನ ಸುಣ್ಣ ಕಲಸುತ್ತಿದ್ದಳು. ಮೊಬೈಲು ಟಿಣ್ ಎಂದಿತು.

ಅದೇ ಊರಿನ ಗೇಟು. ದುಡ್ಡು ಕಟ್ಟಾಗಿತ್ತು. ಮೊದಲು ನನಗಾದದ್ದು ಖುಷಿ. ಸೋತನಲ್ಲ ಮಾವ! ಅಮ್ಮನನ್ನು ಕೂಗಿ ಹೇಳಲು ಬಾಯಿ ತೆರೆದೆ. ತೆರೆದ ಬಾಯಿ ಹಾಗೇ ನಿಂತಿತು. ಮಾವ ಯಾಕೆ ಬೈಪಾಸ್ ಹತ್ತಿದ? ತುಂಬಿದ ಬಸುರಿಯನ್ನು ಕೂರಿಸಿಕೊಂಡು, ಮೆಲ್ಲಗೆ ಬರಬೇಕಾದವನು, ಯಾಕೆ? ಮಾವನಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಶೋಭಾಳಿಗೆ ಮಾಡಿದೆ. ಹೊಡೆದುಕೊಂಡು ಹೊಡೆದುಕೊಂಡು ನಿಂತಿತು.

“ಯಾರೇ ಅದು ಮೆಸೇಜು?” ಅಮ್ಮ ಕೈ ಒರೆಸಿಕೊಳ್ಳುತ್ತ ಬಂದಳು.

“ಸೀರೆ ಅಂಗಡಿಯವ್ರು.”

ಅಮ್ಮ ಮತ್ತೆ ಹೋಗಿ ತಟ್ಟೆಯ ಕೆಂಪು ನೀರಿನಲ್ಲಿ ಬಿದ್ದ ಕಸ ತೆಗೆದಳು. ಆ ಬಣ್ಣ ನೋಡಲು ನನಗೆ ಆಗಲಿಲ್ಲ. ಹಿತ್ತಲಿಗೆ ಹೋಗಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಫೋನ್ ಮಾಡುತ್ತಲೇ ಇದ್ದೆ. ಮಾವ ಎತ್ತಿದಾಗ ಅವನ ಗಂಟಲು ಗುರುತೇ ಸಿಗಲಿಲ್ಲ. “ಹಾಸನದ ಆಸ್ಪತ್ರೇಲಿದ್ದೀವಿ. ದಾರೀಲಿ ರಕ್ತ ಹೋಗಕ್ಕೆ ಶುರುವಾಯ್ತು. ಒಳಗೆ ಕರ್ಕೊಂಡು ಹೋಗವ್ರೆ. ಅಕ್ಕಂಗೆ ಮೆತ್ತಗೆ ಹೇಳು.”

ಅಮ್ಮನೂ ನಾನೂ ಬಸ್ಸು ಹಿಡಿದು ಹೋದಾಗ ಆಪರೇಷನ್ ಮುಗಿದಿತ್ತು. ಕೂಸು ಗಾಜಿನ ಪೆಟ್ಟಿಗೆಯೊಳಗೆ. ಮಾವ ಬೆಂಚಿನ ಮೇಲೆ ಕಾರಿನ ಕೀಲಿಯನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡೇ ಕೂತಿದ್ದ. ಡಾಕ್ಟರಮ್ಮ ಹೊರಗೆ ಬಂದು, “ಸರಿಯಾದ ಹೊತ್ತಿಗೆ ತಂದ್ರಿ” ಎಂದರು.

“ಊರೊಳಗಿಂದ ಬಂದಿದ್ರೆ ಮೇಡಂ?” ಎಂದು ಮಾವ ಕೇಳಿದ. ಯಾವ ಊರು, ಎಂಥ ರಸ್ತೆ ಎಂದು ಅವರಿಗೆ ಹೇಗೆ ತಿಳಿಯಬೇಕು? “ಅದೆಲ್ಲ ಈಗ್ಯಾಕೆ” ಎಂದು ಹೋದರು. ಮಾವ ಕೈಯಲ್ಲಿದ್ದ ಕೀಲಿಯನ್ನು ಪಕ್ಕಕ್ಕಿಟ್ಟ. ಆಮೇಲೆ, “ಗೇಟಲ್ಲಿ ಮುಂದಿನ ಗಾಡಿದು ಟ್ಯಾಗ್ ಓದ್ಲಿಲ್ಲ ಕಣೇ. ನಾನು ಇಳಿದು ಕೂಗಾಡ್ದೆ. ಗೇಟಿನೋನು ಓಡಿಬಂದು ಶೋಭನ್ನ ನೋಡ್ದ, ಆ ಗಾಡೀನ ಪಕ್ಕಕ್ಕೆ ತಳ್ಳಿಸಿ ನಮ್ಮನ್ನ ಬಿಟ್ಟ. ಅವತ್ತು ಅಂಥೋರ್ನೇ ಬೈದಿದ್ನಲ್ಲ” ಎಂದು ಅಳತೊಡಗಿದ. ಮಾವ ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಉಳಿಸಿದ ಟೈಮಲ್ಲಿ ಏನು ಮಾಡಿದೆ ಎಂಬ ಪ್ರಶ್ನೆಯನ್ನು ಅವನು ಆಮೇಲೆ ಕೇಳಿಲ್ಲ. ಹಾಗೆಂದು ಬೈಪಾಸ್ ಹಿಡಿದವನೂ ಅಲ್ಲ. ಕೂಸು ಆಸ್ಪತ್ರೆಯಿಂದ ಬಂದ ಮೇಲೆ ಬೀಗರ ಮನೆಗೆ ಹೋಗಿಬಂದಾಗಲೆಲ್ಲ ಮತ್ತೆ ಹಳೇ ರಸ್ತೆಯೇ, ಮತ್ತೆ ಕಾಸೇ.

ಈಗ ತಿಳಿಯಿತಲ್ಲ, ನಾನು ಯಾಕೆ ಹೀಗೆ ಕೂತಿದ್ದೇನೆಂದು? ಹಾಸನ ದಾಟಿರಬೇಕು. ಕವಲಿನ ಹತ್ತಿರ ಬಂದಿರಬೇಕು. ಎಡಕ್ಕೆ ತಿರುಗಿಸು ಮಾವ. ದನಗಳಿರಲಿ, ಹಂಪುಗಳಿರಲಿ, ಸಂಜೆಗೆ ತಲುಪಿದರೂ ಸರಿ, ಯಾರೂ ಬೈಯುವುದಿಲ್ಲ. ಎಡಕ್ಕೆ ತಿರುಗಿಸು.

ಟಿಣ್.

ಸೀರೆ ಅಂಗಡಿಯಲ್ಲ. ಅದೇ ಗೇಟು.

ಕೂತಿದ್ದವಳು ಎದ್ದೆ, ಎದ್ದವಳು ಕೂತೆ. ಮಾವನಿಗೆ ಫೋನ್ ಮಾಡಿದೆ. ರಿಂಗಾಯಿತು, ಎತ್ತಲಿಲ್ಲ. ಅಮ್ಮನಿಗೆ ಮಾಡಿದೆ, ಕಟ್ ಮಾಡಿದಳು. ಯಾಕೆ ಕಟ್ ಮಾಡಿದಳು? ಶೋಭಾಳದು ಸ್ವಿಚ್ ಆಫ್. ಕೂಸಿನ ಮುಖ ನೀಲಿಯಾದದ್ದು ಕಣ್ಣ ಮುಂದೆ ಬಂತು. ಈ ಸಲ ಆಸ್ಪತ್ರೆ ಹಿಂದೆ ಉಳಿದಿದೆ, ಕಾರು ಮುಂದೆ ಹೋಗುತ್ತಿದೆ. ಎಲ್ಲಿಗೆ ಕರೆದುಕೊಂಡು ಹೋಗುತ್ತಿದ್ದಾರೆ? ಫೋಟೋದಲ್ಲಿ ಮಾವ ಹಲ್ಲು ಬಿಡುತ್ತಿದ್ದ. ‘ಫೋನ್ ಎತ್ತೋ ಮಾರಾಯ’ ಎಂದು ಫೋಟೋಕ್ಕೇ ಕೂಗಿದೆ.

ಮೊಬೈಲು ಹೊಡೆದುಕೊಂಡಿತು. ಮಾವನೇ.

“ಏನಾಯ್ತು ಮಾವ? ಕೂಸಿಗೆ ಏನಾಯ್ತು?”

“ಮೆತ್ತಗೆ ಮಾತಾಡೇ!” ಮಾವ ಪಿಸುಗುಟ್ಟುತ್ತಿದ್ದ. “ಏನೂ ಆಗಿಲ್ಲ. ಕೂಸು ಬೆಳಗ್ಗಿಂದ ಒಂದೇ ಸಮ ಅಳ್ತಾ ಇತ್ತು. ಈಗ ತಾನೇ ಕಣ್ಣು ಮುಚ್ತು. ಊರೊಳಗೆ ಹೋದ್ರೆ ಆ ಹಂಪು ಎತ್ತಾಕ್ತವೆ, ಎದ್ದುಬಿಡ್ತದೆ ಅಂತ ಇತ್ಲಾಗೆ ಬಂದೆ.”

“ಫೋನ್ ಯಾಕೆ ಎತ್ತಲಿಲ್ಲ?”

“ಒಳಗೆ ಮಾತಾಡಿದ್ರೆ ಏಳಲ್ವಾ? ಅದಕ್ಕೇ ಸೈಡಿಗೆ ಹಾಕಿ ಇಳಿದು ಮಾತಾಡ್ತಾ ಇದೀನಿ. ಶೋಭಾನೂ ಮಲಗವ್ಳೆ. ಅಕ್ಕ ನಿಂಗೆ ಬೈತಾವ್ಳೆ.”

ನನಗೆ ನಗು ಬಂತೋ ಅಳು ಬಂತೋ, ಎರಡೂ ಬಂತು. ಕಣ್ಣೊರೆಸಿಕೊಂಡು, “ಮತ್ತೆ ಗುಡಿಗೆ ಕಾಸು?” ಎಂದೆ.

“ಬರೋವಾಗ ಹಾಕ್ತೀನಿ. ಅವಳೂ ಮಕ್ಕಳೊಂದಿಗಳೇ ಅಲ್ವಾ, ಬೇಜಾರು ಮಾಡ್ಕೊಳಲ್ಲ.” ಹಿಂದೆ ಲಾರಿಯೊಂದು ಭರ್ರೆಂದು ಹೋದದ್ದು ಕೇಳಿಸಿತು. ಮಾವ ಅದಕ್ಕೂ ಮೆತ್ತಗೆ ಬೈದ. ಆಮೇಲೆ ಹೇಳಿದ, “ಲೇ, ಅದೇ ಛತ್ರದ ಎದುರಿಗೇ ನಿಂತಿದ್ದೀನಿ ಕಣೇ. ಆ ಕಂಡಿ ಮುಚ್ಚಿಬಿಟ್ಟವ್ರೆ.”

“ನಿಂಗೀಗ ಕಂಡಿ ಯಾಕೆ? ಹೋಗು, ಕೂಸು ಏಳ್ತದೆ.”

ಫೋನ್ ಇಟ್ಟ. ಕಾಫಿ ಬಿಸಿ ಮಾಡಿಕೊಂಡು ಬಂದು ಮೆಸೇಜನ್ನು ಪೂರ್ತಿ ಓದಿದೆ. ಟ್ಯಾಗಿನಲ್ಲಿ ದುಡ್ಡು ಮುಗಿಯುತ್ತ ಬಂದಿದೆ ಎಂದು ಕೊನೆಯಲ್ಲಿತ್ತು. ಬರುವಾಗ ಕಾರಿನಲ್ಲಿ ಅವನೂ ಅಮ್ಮನೂ ಇಬ್ಬರೇ, ಹಳೇ ರಸ್ತೆಯಲ್ಲೇ ಬರುತ್ತಾರೆ, ಅದಕ್ಕೇನೂ ಬೇಕಾಗಿಲ್ಲ. ಆದರೂ ಅಲ್ಲೇ ಕೂತು ಟ್ಯಾಗಿಗೆ ದುಡ್ಡು ತುಂಬಿದೆ. ಹಬ್ಬಕ್ಕೆ ಕೂಸು ಬರುತ್ತದೆ.